ಎಡಗಡೆಯ ಮೂರನೆಯದು

ಚಾರ್ಜರ್ ತಾನಾಗಿ ಆರಿ ಕಾಲು ಗಂಟೆಯಾಗಿತ್ತು. ಆರ್ನೆ ಕಿವೆಲಾ ಮಾತ್ರ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತೇ ಇದ್ದ. ಎದುರಿಗೆ, ಗ್ಯಾರೇಜಿನ ನಡುವೆ, ಟ್ರೇಲರಿನ ಮೇಲೆ ‘ಹೌಕಿ’ ನಿಂತಿತ್ತು. ಒಬ್ಬರು ಮೊಣಕಾಲು ಮಡಿಸಿ ಕೂರುವಷ್ಟೇ ಜಾಗವಿರುವ ಹಳದಿ ಬಣ್ಣದ ಪುಟ್ಟ ಜಲಾಂತರ್ಗಾಮಿ. ಆ ಹೆಸರು ಅವನ ಅಜ್ಜಿಯ ಭಾಷೆಯಲ್ಲಿ ಉದ್ದ ಮೂತಿಯ, ಹಲ್ಲುಬಾಯಿಯ ಒಂದು ಮೀನಿನದು. ಅದರ ಹೊಟ್ಟೆಯಡಿ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ಕೊಳವೆ, ಒಂದೊಂದರಲ್ಲಿ ನಾಲ್ಕು ನಾಲ್ಕು ಬ್ಯಾಟರಿ. ಚಾರ್ಜ್ ಮಾಡುವಾಗ ಕೊಳವೆಯ ಬಾಯಿ ಬಿಚ್ಚಿ ಬ್ಯಾಟರಿಗಳನ್ನು ಹಲಗೆಸಮೇತ ಹೊರಗೆಳೆದಿಡಬೇಕು. ಇಲ್ಲದಿದ್ದರೆ ಆ್ಯಸಿಡ್ಡಿನಿಂದ ಏಳುವ ಹೈಡ್ರೋಜನ್ ಒಳಗೇ ತುಂಬಿಕೊಂಡು, ಒಂದು ಕಿಡಿ ಬಿದ್ದರೆ ಸಾಕು, ಕೊಳವೆಯನ್ನೂ ಅದಕ್ಕೆ ಅಂಟಿಕೊಂಡು ಕೂತ ಮನುಷ್ಯನನ್ನೂ ಸೀಳಿಹಾಕುತ್ತದೆ. ಇಂಥ ಪುಟ್ಟ ಜಲಾಂತರ್ಗಾಮಿಗಳನ್ನು ಕಟ್ಟುವವರ ಕ್ಲಬ್ಬಿಗೆ ಬರುವ ಹೊಸಬರಿಗೆಲ್ಲ ಇದನ್ನು ಹೇಳಿಕೊಡುವವನು ಆರ್ನೆಯೇ. ಚಾರ್ಜ್ ಮುಗಿದ ಬ್ಯಾಟರಿ ಒಳಗೊಳಗೇ ಸಣ್ಣಗೆ ಗುಳುಗುಳು ಎನ್ನುತ್ತ ತಣ್ಣಗಾಗುವುದನ್ನು ಕಿವಿಯಿಂದಲೇ ಅಳೆಯಬಲ್ಲೆ ಎಂದು ಅವನು ಜಂಬ ಪಡುವುದೂ ಉಂಟು, ಮತ್ತು ಅದು ಸುಳ್ಳು ಜಂಬವಲ್ಲ. ಈಗ ಏಳು ಬ್ಯಾಟರಿ ಸುಮ್ಮನಾಗಿದ್ದವು. ಎಡಗಡೆಯ ಮೂರನೆಯದು ಇನ್ನೂ ಸುಯ್‌ಗುಡುತ್ತಿತ್ತು. ಅದರ ಪಕ್ಕೆಗೆ ಅಂಗೈ ಇಟ್ಟ. ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿಯಾಗಿತ್ತು. ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡ.

ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮಾರ್ಲಾ ಟ್ರೆಂಬಾತ್ ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಬಂದಳು. ನಲವತ್ತನಾಲ್ಕರ ಗಟ್ಟಿ ಹೆಂಗಸು, ಹಡಗು ರಿಪೇರಿಯ ಯಾರ್ಡಿನಲ್ಲಿ ವೆಲ್ಡರ್. ಹೌಕಿಯ ಒಂದೊಂದು ಬೆಸುಗೆಯೂ ಅವಳದು, ಒಂದೊಂದು ವೈರೂ ಆರ್ನೆಯದು. ಒಂಬತ್ತು ವರ್ಷ, ಶನಿವಾರ ಭಾನುವಾರಗಳೆಲ್ಲ ಇದಕ್ಕೇ ಹೋಗಿದ್ದವು. ಇಷ್ಟು ದಿನ ದಡದ ಪಕ್ಕದಲ್ಲಿ, ಹಗ್ಗ ಕಟ್ಟಿ, ಹತ್ತಡಿ ನೀರಿನಲ್ಲಿ ಮುಳುಗಿಸಿ ಎತ್ತಿದ್ದರು, ಅಷ್ಟೆ. ಇವತ್ತು ಮೊದಲ ಬಾರಿ ನೂರೈವತ್ತು ಅಡಿ. ಮೊದಲ ಆಳಕ್ಕೆ ಇಳಿಯುವ ಹಕ್ಕು ಬೆಸುಗೆ ಹಾಕಿದವರದು ಎಂಬುದು ಕ್ಲಬ್ಬಿನ ಹಳೇ ರೂಢಿ: ತನ್ನ ಕೆಲಸವನ್ನು ತಾನೇ ನಂಬದವನು ಇನ್ನೊಬ್ಬನನ್ನು ಅದರೊಳಗೆ ಕೂರಿಸಬಾರದು.

"ನಿದ್ದೆ ಮಾಡಿದ್ಯೋ ಇಲ್ವೋ?" ಅಂದಳು.

"ಮಾಡಿದೆ."

"ಸುಳ್ಳು. ಕಣ್ಣು ನೋಡ್ಕೋ ಹೋಗು. ನಾನು ಇಳಿಯೋದು, ನಿನಗ್ಯಾಕೆ ನಡುಕ?" ಪುಸ್ತಕ ತೆರೆದು ಪೆನ್ಸಿಲ್ ಹಿಡಿದಳು. "ಹೂಂ, ಹೇಳು. ಎಡ, ಒಂದು."

ಆರ್ನೆ ಹೈಡ್ರೋಮೀಟರಿನ ರಬ್ಬರ್ ಗುಂಡನ್ನು ಅದುಮಿ ಸೆಲ್ಲಿನೊಳಕ್ಕೆ ಇಳಿಸಿ ಬಿಟ್ಟ. ಗಾಜಿನ ನಳಿಗೆಯೊಳಗೆ ಆ್ಯಸಿಡ್ ಏರಿತು, ತೇಲುಕಡ್ಡಿ ಅಲ್ಲಾಡಿ ನಿಂತಿತು. ಆ್ಯಸಿಡ್ ಎಷ್ಟು ಮಂದವೋ ಬ್ಯಾಟರಿ ಅಷ್ಟು ತುಂಬಿದೆ ಎಂದು ಲೆಕ್ಕ. "ಹನ್ನೆರಡು ಎಪ್ಪತ್ತು." ಬರೆದುಕೊಂಡಳು. "ಹನ್ನೆರಡು ಎಪ್ಪತ್ತೈದು. ಹನ್ನೆರಡು ಎಪ್ಪತ್ತು." ಒಂದು ಬ್ಯಾಟರಿಗೆ ಮೂರು ಸೆಲ್ಲು. ಎರಡನೆಯದೂ ಹಾಗೇ. ಮೂರನೆಯ ಬ್ಯಾಟರಿಯ ನಡುವಿನ ಸೆಲ್ಲಿಗೆ ಬಂದಾಗ ತೇಲುಕಡ್ಡಿ ಏಳಲೊಲ್ಲದೆ ಕೆಳಗೇ ನಿಂತಿತು. ಹನ್ನೆರಡು ಹದಿನೈದು. ಅವನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸರಿಯಾಗಿ ಕಾಣದವನ ಹಾಗೆ ಕಣ್ಣು ಕಿರಿದು ಮಾಡಿದ. ಈಗ ಹೇಳಬಹುದು ಎನ್ನಿಸಿತು. ಇಲ್ಲಿ ಇಬ್ಬರೇ ಇದ್ದೇವೆ, ಅವಳು ಎರಡು ಕೆಟ್ಟ ಮಾತು ಆಡುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಾಳೆ. ಬಾಯಿ ತೆರೆದ.

"ಹನ್ನೆರಡು ಎಪ್ಪತ್ತು," ಅಂದ.

ಅವಳು ಬರೆದುಕೊಂಡಳು. ಪೆನ್ಸಿಲು ಕಾಗದದ ಮೇಲೆ ಓಡಿದ ಸದ್ದು ಅವನಿಗೆ ಕೇಳಿಸಿತು. ಇಪ್ಪತ್ತನಾಲ್ಕೂ ಸೆಲ್ಲು ಮುಗಿದ ಮೇಲೆ ಪುಸ್ತಕ ಮುಚ್ಚಿ, "ನೀನು ಚಾರ್ಜ್ ಮಾಡಿದೀಯ ಅಂದ್ರೆ ಮುಗೀತು, ನಾನು ಕಣ್ಣು ಮುಚ್ಚಿ ಇಳೀತೀನಿ," ಎಂದು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡು ಕುಡಿದ. ನಾಲಿಗೆ ಸುಟ್ಟಿತು.

ಅದು ಫೆಬ್ರವರಿಯಲ್ಲಿ ಆದದ್ದು. ಸರೋವರ ಹೆಪ್ಪುಗಟ್ಟಿದ ಮೇಲೆ ಊರಿನ ಗಂಡಸರೆಲ್ಲ ಮಾಡುವ ಹಾಗೆ ಅವನೂ ಐಸಿನ ಮೇಲೆ ಹಲಗೆಯ ಗುಡಿಸಲು ಎಳೆದುಕೊಂಡು ಹೋಗಿ, ತೂತು ಕೊರೆದು, ಗಾಳ ಬಿಟ್ಟು ಕೂರುತ್ತಿದ್ದ. ಮೀನು ಬರಲಿ ಬಿಡಲಿ, ಅಲ್ಲಿ ಅವನನ್ನು ಯಾರೂ ಕೇಳುವವರಿರಲಿಲ್ಲ. ಒಂದು ದೀಪ, ಹೀಟರಿಗೆ ಒಂದು ಪುಟ್ಟ ಫ್ಯಾನು, ರೇಡಿಯೋ, ಇಷ್ಟಕ್ಕೆ ಬ್ಯಾಟರಿ ಬೇಕಿತ್ತು. ಅವನ ಮನೆಯ ನೆಲಮಾಳಿಗೆಯಲ್ಲಿ ಹೌಕಿಯ ಎಂಟು ಬ್ಯಾಟರಿ ತುಂಬಿ ಕೂತಿದ್ದವು. ಅವು ತನ್ನೊಬ್ಬನದಲ್ಲ ಎಂದು ಗೊತ್ತಿತ್ತು. ಎರಡು ದಿನಕ್ಕೆ ತಾನೇ ಎಂದುಕೊಂಡು ಒಂದನ್ನು ಎತ್ತಿಕೊಂಡ. ಹೆಂಡತಿ ಐನೋ ಮೆಟ್ಟಿಲ ಮೇಲೆ ನಿಂತು, "ಲಾಟೀನು ಸಾಲಲ್ವಾ ನಿನಗೆ? ರೇಡಿಯೋ ಬೇರೆ ಬೇಕಾ, ಮೀನಿಗೆ ಹಾಡು ಕೇಳಿಸೋಕೆ?" ಅಂದಿದ್ದಳು. ನಾಲ್ಕು ದಿನ ಉರಿಸಿದ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಐದನೆಯ ದಿನ ಹಿಮಗಾಳಿ ಎದ್ದಾಗ ಗಾಳ ಮಾತ್ರ ಸುತ್ತಿಕೊಂಡು ಮನೆಗೆ ಓಡಿ ಬಂದ. ಮೂರು ದಿನ ಬಿಟ್ಟು ಹೋಗಿ ನೋಡಿದರೆ ಬ್ಯಾಟರಿಯ ಹೊಟ್ಟೆ ಉಬ್ಬಿ, ಪಕ್ಕೆ ಸೀಳಿ, ಒಳಗಿನ ಆ್ಯಸಿಡ್ ಮಂಜುಗಡ್ಡೆಯಾಗಿ ಹೊರಗೆ ಇಣುಕುತ್ತಿತ್ತು. ತುಂಬಿದ ಬ್ಯಾಟರಿ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಇಳಿದದ್ದು ನೀರಿನ ಹಾಗೆ ಗಟ್ಟಿಯಾಗುತ್ತದೆ. ಈ ಪಾಠವನ್ನೂ ಕ್ಲಬ್ಬಿನಲ್ಲಿ ಹೇಳಿಕೊಡುವವನು ಅವನೇ. ಗುಡಿಸಲಿನಲ್ಲಿ ಮಂಡಿಯೂರಿ ಕೂತು ಆ ಒಡೆದ ಪಕ್ಕೆಯನ್ನು ನೋಡುತ್ತ ಅವನಿಗೆ ಬಂದದ್ದು ಅಳುವಲ್ಲ, ಯಾರಾದರೂ ನೋಡಿಬಿಟ್ಟಾರು ಎಂಬ ಭಯ. ಸುತ್ತ ಎರಡು ಮೈಲಿ ಬಿಳಿ ಐಸಲ್ಲದೆ ಏನೂ ಇರಲಿಲ್ಲ. ಆದರೂ ಬಾಗಿಲು ಎಳೆದುಕೊಂಡ.

ಹೊಸದೊಂದನ್ನು ತರಬಹುದಿತ್ತು. ಅಂಗಡಿ ದೂರವಿರಲಿಲ್ಲ, ಕೈಯಲ್ಲಿ ಆಗದ ಮಾತೂ ಅಲ್ಲ. ಆದರೆ ಈ ಬ್ಯಾಟರಿಗಳ ವೈರು ಕಟ್ಟುವ ಸೀಸದ ಮೊಳೆಯ ಮೇಲೆ ತಯಾರಾದ ತಿಂಗಳ ಗುರುತು ಒತ್ತಿರುತ್ತದೆ. ಎಂಟಕ್ಕೂ ಒಂದೇ ಗುರುತು; ಹಾಗೆ ಆರಿಸಿದವನೂ ಅವನೇ. ಹೊಸದು ತಂದರೆ ಗುರುತು ಬೇರೆ, ಗುರುತು ಬೇರೆಯಾದರೆ ಪ್ರಶ್ನೆ, ಪ್ರಶ್ನೆ ಬಂದರೆ ಗುಡಿಸಲು, ಫ್ಯಾನು, ರೇಡಿಯೋ. ಮಾರ್ಲಾ ಬೈದರೆ ತಡೆಯಬಹುದು. ಅವಳು ನಕ್ಕುಬಿಟ್ಟರೆ, ನಕ್ಕು ಕ್ಲಬ್ಬಿನಲ್ಲಿ ಹೇಳಿಬಿಟ್ಟರೆ? ಮೂವತ್ತೊಂದು ವರ್ಷ ಅವನು ಗಾಲ್ಫ್ ಮೈದಾನದ ಬ್ಯಾಟರಿ ಗಾಡಿಗಳ ಶೆಡ್ಡಿನಲ್ಲಿ ದುಡಿದಿದ್ದ. ಆಡಲು ಬರುವವರು ಬೆರಳು ಚಿಟಿಕೆ ಹೊಡೆದು ಗಾಡಿ ಕೇಳುತ್ತಿದ್ದರೇ ಹೊರತು ಅವನ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಕ್ಲಬ್ಬಿಗೆ ಬಂದ ಮೇಲೆ, ವರ್ಷಕ್ಕೊಮ್ಮೆ ಮೂವತ್ತು ನಲವತ್ತು ಮಂದಿ ಅವನೆದುರು ಕೂತು ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಿದ್ದರು. ‘ಬ್ಯಾಟರಿ ಪಾದ್ರಿ’ ಎಂದು ಹೆಸರಿಟ್ಟಿದ್ದರು. ತಮಾಷೆಯ ಹೆಸರೇ, ಆದರೆ ಮೊದಲ ಸಲ ಆ ಹೆಸರು ಕಿವಿಗೆ ಬಿದ್ದ ದಿನ ಅವನು ಮನೆಗೆ ಬಂದು ಐನೋಗೆ ಅದನ್ನು ಎರಡೆರಡು ಸಲ ಹೇಳಿದ್ದ.

ಕೊನೆಗೆ ಮಾಡಿದ್ದೇನು? ನಿವೃತ್ತಿಯಾಗುವಾಗ ಶೆಡ್ಡಿನಿಂದ ತಂದಿದ್ದ, ಅದೇ ಕಂಪನಿಯ ಅದೇ ಅಳತೆಯ, ಮೂರು ವರ್ಷ ಗಾಡಿ ಎಳೆದು ಸೋತ ಒಂದು ಬ್ಯಾಟರಿಯನ್ನು ಸೋಡಾಪುಡಿ ಹಾಕಿ ತೊಳೆದ. ಮೊಳೆಯ ಮೇಲಿನ ಹಳೇ ಗುರುತನ್ನು ಅರದಿಂದ ಉಜ್ಜಿ ತೆಗೆದು, ಅಕ್ಷರದ ಅಚ್ಚು ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಹಾಕಿದ. ಸೀಸ ಮೆತ್ತಗೆ, ಹೇಳಿದ ಹಾಗೆ ಕೇಳುತ್ತದೆ. ಮೇಲೆ ಐನೋ ಏಲಕ್ಕಿ ಹಾಕಿದ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು, ಮೇಜು ಕಿರುಗುಡುವ ಸದ್ದು ಕೇಳುತ್ತಿತ್ತು. ಸುತ್ತಿಗೆಯ ಏಟು ಆ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು ಕಾದು ಕಾದು ಹೊಡೆದಿದ್ದ. ಆಮೇಲೆ ಅದೆಷ್ಟೋ ಭಾನುವಾರ ಮಾರ್ಲಾಳ ಪಕ್ಕದಲ್ಲಿ ಕೂತು ಕೆಲಸ ಮಾಡಿದ. ಮೊದಲ ವಾರ ಹೇಳಿದ್ದರೆ ಅದು ಬ್ಯಾಟರಿ ಒಡೆದ ಸುದ್ದಿಯಾಗುತ್ತಿತ್ತು. ತಡವಾದಷ್ಟೂ ಸುದ್ದಿ ಅವನದೇ ಆಗುತ್ತ ಹೋಯಿತು.

"ಏನು, ನಿಂತಲ್ಲೇ ನಿದ್ದೆನಾ? ತಳ್ಳು ಆ ಕಡೆಯಿಂದ," ಎಂದಳು ಮಾರ್ಲಾ. ಹಲಗೆಗಳನ್ನು ಒಳಗೆ ತಳ್ಳಿ, ಕೊಳವೆಯ ಬಾಯಿಗೆ ಮುಚ್ಚಳ ಕೂರಿಸಿ ಬೋಲ್ಟು ಬಿಗಿದರು. ಗ್ಯಾಸು ಹೊರಹೋಗಲೆಂದು ಕೊಳವೆಯ ಬೆನ್ನ ಮೇಲಿನ ಗಾಳಿಬಿರಡೆಗಳನ್ನು ಮಾತ್ರ ಮುಚ್ಚಲಿಲ್ಲ. ಎರಡೆರಡು, ಒಟ್ಟು ನಾಲ್ಕು. ಅವನ್ನು ಇಳಿಯುವವರೇ ನೀರಿನ ಅಂಚಿನಲ್ಲಿ ತಮ್ಮ ಕೈಯಾರೆ ಮುಚ್ಚಬೇಕು. ಒಂದೊಂದಕ್ಕೂ ಕೆಂಪು ಪಟ್ಟಿ ಕಟ್ಟಿರುತ್ತದೆ. ಮುಚ್ಚಿದ ಮೇಲೆ ಪಟ್ಟಿ ಬಿಚ್ಚಿ ಕೊರಳಿಗೆ ಹಾಕಿಕೊಳ್ಳಬೇಕು. ಕೊರಳಲ್ಲಿ ನಾಲ್ಕು ಪಟ್ಟಿ ಕಾಣದೆ ಕ್ಲಬ್ಬಿನ ಅಧ್ಯಕ್ಷರು ಯಾರನ್ನೂ ನೀರಿಗೆ ಬಿಡುವುದಿಲ್ಲ.

ಒಂಬತ್ತರ ಹೊತ್ತಿಗೆ ಹಳೇ ಕಬ್ಬಿಣದ ಗಣಿಯ ಹೊಂಡದ ದಡದಲ್ಲಿ ಜನ ಸೇರಿದ್ದರು. ಗಣಿ ಮುಚ್ಚಿದ ಮೇಲೆ ನೀರು ತಾನಾಗಿ ಏರಿ ನಿಂತ ಹೊಂಡ. ತಿಳಿಯಾಗಿ, ತಣ್ಣಗೆ, ಅಲೆಯಿಲ್ಲದೆ, ಇಂಥ ಕೆಲಸಕ್ಕೆಂದೇ ತೋಡಿಟ್ಟ ಹಾಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ವೆಂಡೆಲ್ ಹಾಕಿನೆನ್ ಕ್ಲಬ್ಬಿನ ಅಧ್ಯಕ್ಷರು. ಊರಿಗೂರೇ ಅವರಲ್ಲಿ ಕಲಿತದ್ದರಿಂದ ಎಲ್ಲರಿಗೂ ಮೇಷ್ಟ್ರೇ. ಮಾರ್ಲಾಳ ತಾಯಿ ಮಡಿಚುಕುರ್ಚಿಯಲ್ಲಿ ಕಂಬಳಿ ಹೊದ್ದು, ತೊಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಮಗಳನ್ನೇ ನೋಡುತ್ತಿದ್ದಳು. ಪ್ರೆಸ್ಟನ್ ವೀಲಾಕ್ ಕೂಡ ಬಂದಿದ್ದ. ದೊಡ್ಡ ಸೇತುವೆಯಾಚೆಯ ದಕ್ಷಿಣ ಮಿಶಿಗನ್ನಿನವನು. ಅಲ್ಲಿಯವರನ್ನು ಈ ಕಡೆಯವರು ಸೇತುವೆ ಕೆಳಗಿನ ಭೂತಗಳು ಎಂದು ಆಡಿಕೊಳ್ಳುತ್ತಾರೆ. ಅವನನ್ನು ನೋಡಿದ್ದೇ ಆರ್ನೆ ಟ್ರೇಲರಿನ ಆಚೆ ಬದಿಗೆ ಸರಿದ.

ಹೋದ ವರ್ಷ ಇದೇ ದಡದಲ್ಲಿ ಪ್ರೆಸ್ಟನ್ ತನ್ನ ಜಲಾಂತರ್ಗಾಮಿಯ ಆರು ಬ್ಯಾಟರಿಗಳಲ್ಲಿ ಎರಡು ಸತ್ತವೆಂದು ಅವೆರಡನ್ನು ಮಾತ್ರ ಹೊಸದಾಗಿ ಹಾಕಿಕೊಂಡು ಬಂದಿದ್ದ. ಆರ್ನೆ ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಅದರ ಬದಲು ಎಲ್ಲರೆದುರು ನಿಲ್ಲಿಸಿ, ಒಂದೊಂದು ಬ್ಯಾಟರಿಯ ಗುರುತನ್ನೂ ಅವನ ಬಾಯಿಂದಲೇ ಗಟ್ಟಿಯಾಗಿ ಓದಿಸಿದ್ದ. "ಕೇಳಿದ್ರಾ? ಹೊಸಬರ ಸಾಲಲ್ಲಿ ಹಳಬರನ್ನ ಕೂರಿಸಿದ್ರೆ ಏನಾಗುತ್ತೆ? ಹಳಬ ಮೊದಲು ಸುಸ್ತಾಗ್ತಾನೆ. ಉಳಿದವರು ಬಿಡ್ತಾರಾ, ಅವನನ್ನ ದರದರ ಎಳ್ಕೊಂಡು ಹೋಗ್ತಾರೆ. ಕೊನೆಗೆ ಅವನು ಉಲ್ಟಾ ತಿರುಗಿ ಕುದಿಯೋಕೆ ಶುರು ಮಾಡ್ತಾನೆ. ಮುಚ್ಚಿದ ಕೊಳವೆ ಒಳಗೆ, ನೀರಿನ ಕೆಳಗೆ, ಗ್ಯಾಸು ಎಲ್ಲಿಗೆ ಹೋಗ್ಬೇಕು? ಮೋಟರು ನಿಂತ್ರೆ ಪರವಾಗಿಲ್ಲ, ತೇಲುತೊಟ್ಟಿಗೆ ಗಾಳಿ ತುಂಬಿ ಮೇಲೆ ಬರಬಹುದು. ಈ ಗ್ಯಾಸಿಗೆ ಮದ್ದಿಲ್ಲ." ಜನ ನಕ್ಕಿದ್ದರು. ಪ್ರೆಸ್ಟನ್ನನ ಕಿವಿ ಕೆಂಪಾಗಿತ್ತು. ಆ ಕೆಂಪು ಕಿವಿ ನೋಡಿ ತನಗೆ ಆದ ಸುಖ ಆರ್ನೆಗೆ ಚೆನ್ನಾಗಿ ನೆನಪಿದೆ. ಚಿಟಿಕೆ ಹೊಡೆದು ಗಾಡಿ ಕೇಳುತ್ತಿದ್ದವರೆಲ್ಲರ ಕಿವಿಯೂ ಅದೇ ಆಗಿತ್ತು.

"ಏನ್ ಪಾದ್ರಿಗಳೇ, ಈ ಸಲ ಉಪದೇಶ ಇಲ್ವಾ? ಪೆನ್ಸಿಲ್ ತಂದಿದೀನಿ," ಅಂದ ಪ್ರೆಸ್ಟನ್.

"ನಿನ್ನ ಫೋನೇ ಉಪದೇಶ ಮಾಡುತ್ತಲ್ಲ."

"ಮಾಡುತ್ತೆ. ಲಿಥಿಯಂ ಹಾಕ್ಸಿದ ಮೇಲೆ ಒಂದೊಂದು ಸೆಲ್ಲಿಂದೂ ನಾಡಿ ಹಿಡಿದು ಹೇಳುತ್ತೆ. ನಿಮ್ಮ ಸೀಸಕ್ಕೆ ನಿಮ್ಮ ಕಿವಿಯೇ ಗತಿ. ಕಿವಿಗೂ ವಯಸ್ಸಾಗುತ್ತಲ್ವಾ?"

ಸುತ್ತಲಿದ್ದವರು ನಕ್ಕರು. ಆರ್ನೆಯೂ ನಕ್ಕ. ಮಾರ್ಲಾ ಅಷ್ಟರಲ್ಲಿ ಟ್ರೇಲರಿನ ಕೆಳಗೆ ಬಗ್ಗಿ ಮೊದಲನೆಯ ಬಿರಡೆ ತಿರುಗಿಸಿ, ಪಟ್ಟಿ ಬಿಚ್ಚಿ ಕೊರಳಿಗೆ ಹಾಕಿಕೊಂಡಳು. ಎರಡನೆಯದು. ಅವಳ ತಾಯಿ ಕ್ಯಾಮೆರಾ ಎತ್ತಿದಳು. ಆರ್ನೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ: ಅವಳು ಸುಮ್ಮನೆ ಇಳಿದು ಹತ್ತುವವಳಲ್ಲ, ಒಂಬತ್ತು ವರ್ಷ ಕಾದವಳು, ತಳದಲ್ಲಿ ಮೋಟರನ್ನು ಪೂರ್ತಿ ಬಿಟ್ಟು ಓಡಿಸುತ್ತಾಳೆ, ಗಂಟೆಗಟ್ಟಲೆ ಸುತ್ತುತ್ತಾಳೆ. ಮೂರನೆಯದು ಅಷ್ಟು ತಡೆಯುವುದಿಲ್ಲ. ಅವಳು ಮೂರನೆಯ ಬಿರಡೆಗೆ ಕೈ ಹಾಕಿದಳು.

"ಮಾರ್ಲಾ," ಅಂದ. "ಮೊದಲು ನಾನು ಇಳೀತೀನಿ."

ಅವಳು ಬಗ್ಗಿದಲ್ಲಿಂದಲೇ ತಲೆ ತಿರುಗಿಸಿದಳು. "ಏನಂದೆ?"

"ಮೊದಲ ಸಲ ನಾನು. ನೀನು ಮಧ್ಯಾಹ್ನ ಇಳಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಬೆಸುಗೆ ಹಾಕಿದವರು ಮೊದಲು ಅಂತ ಅಲ್ವೇನಯ್ಯಾ? ನೀನೇ ಹೇಳ್ತಿದ್ದೆ."

"ನನಗೆ ಅರವತ್ತಮೂರು ಮೇಷ್ಟ್ರೇ. ಕಾಯೋ ವಯಸ್ಸಲ್ಲ. ನಾನೂ ಒಂಬತ್ತು ವರ್ಷ ಸವೆಸಿದೀನಿ."

ತನ್ನ ಬಾಯಿಂದ ಬಂದ ಆ ಗೊಣಗು ದನಿ ಅವನಿಗೇ ಅಸಹ್ಯವಾಯಿತು. ಮಾರ್ಲಾ ಎದ್ದು ನಿಂತು, ಮೊಣಕಾಲಿನ ಜಲ್ಲಿ ಕೊಡವಿಕೊಂಡು, ಅವನ ಮುಖವನ್ನು ನೋಡಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಕೊರಳಲ್ಲಿದ್ದ ಎರಡು ಪಟ್ಟಿ ತೆಗೆದು, "ತಗೋ," ಎಂದು ಅವನ ಕೈಗಿಟ್ಟಳು. ಅವಳ ತಾಯಿ ಕ್ಯಾಮೆರಾ ಕೆಳಗಿಳಿಸಿ, "ಏನಾಯ್ತು? ಯಾಕೆ ಇವಳು ಇಳೀತಿಲ್ಲ?" ಎಂದು ಪಕ್ಕದವರನ್ನು ಕೇಳುತ್ತಿದ್ದುದು ಎಲ್ಲರಿಗೂ ಕೇಳಿಸಿತು. ಆರ್ನೆ ಬಗ್ಗಿ ಉಳಿದೆರಡು ಬಿರಡೆ ಮುಚ್ಚಿದ. ನಾಲ್ಕೂ ಪಟ್ಟಿ ಕೊರಳಿಗೆ ಹಾಕಿಕೊಂಡ. ಆಸೆಬುರುಕ ಮುದುಕ ಎಂದುಕೊಳ್ಳಲಿ. ಈ ಅವಮಾನವನ್ನು ತಾನಾಗಿ ಆರಿಸಿಕೊಂಡದ್ದು, ಅದಕ್ಕೆ ಇದು ಸಹಿಸಬಹುದಾದದ್ದು ಎನ್ನಿಸಿತು.

ಒಳಗೆ ಅವನ ಉಸಿರಿನ ಸದ್ದೇ ಅವನಿಗೆ ದೊಡ್ಡದಾಗಿತ್ತು. ಹತ್ತಡಿ, ಮೂವತ್ತಡಿ. ಗಾಜಿನಾಚೆ ಹಸಿರು ಕಡುಹಸಿರಾಗಿ, ಆಮೇಲೆ ಬಣ್ಣವೇ ಇಲ್ಲದ್ದಾಯಿತು. ಅರವತ್ತಡಿಯಲ್ಲಿ ಮುಳುಗಿದ ಭೂರ್ಜದ ಮರಗಳು ಎಲೆಯಿಲ್ಲದೆ ನಿಂತಿದ್ದವು. ಅವುಗಳ ಕೆಳಗೆ ಗಣಿಯ ಹಳೇ ರಸ್ತೆ ತಿರುಗಿ ತಿರುಗಿ ಕತ್ತಲೆಗೆ ಇಳಿಯುತ್ತಿತ್ತು. ಅವನ ತಾತ ಈ ರಸ್ತೆಯಲ್ಲಿ ನಡೆದು ಕೆಲಸಕ್ಕೆ ಹೋಗಿದ್ದ. ಒಂಬತ್ತು ವರ್ಷ ಇದನ್ನು ನೋಡಬೇಕೆಂದು ಹಂಬಲಿಸಿದ್ದವನು ಈಗ ನೋಡುತ್ತಿದ್ದುದು ಎಡ ಬಲದ ಬ್ಯಾಟರಿಗಳ ವೋಲ್ಟು ತೋರಿಸುವ ಎದುರಿನ ಎರಡು ಮುಳ್ಳುಗಳನ್ನು ಮಾತ್ರ. ಬಲದ್ದು ಇಪ್ಪತ್ತೈದರ ಹತ್ತಿರ ಅಲುಗದೆ ನಿಂತಿತ್ತು. ಮೋಟರಿನ ಹಿಡಿಯನ್ನು ಒತ್ತಿದೊಡನೆ ಎಡದ್ದು ಇಪ್ಪತ್ತೆರಡಕ್ಕೆ ಕುಸಿಯಿತು. ಹಿಡಿ ಬಿಟ್ಟ, ನಿಧಾನಕ್ಕೆ ಮೇಲೆದ್ದಿತು. ಇನ್ನೊಮ್ಮೆ ಒತ್ತಲು ಧೈರ್ಯವಾಗಲಿಲ್ಲ.

ದಡದ ಫೋನಿನಿಂದ ಮಾರ್ಲಾಳ ದನಿ ಬಂತು. ಕೆಲಸದ ದನಿ, ಬೇರೇನೂ ಇರಲಿಲ್ಲ. "ಎಡ ಎಷ್ಟು?"

ಅವನು ಮುಳ್ಳು ಪೂರ್ತಿ ಏರುವ ತನಕ ಕಾದ. "ಇಪ್ಪತ್ತೈದಕ್ಕೆ ಸ್ವಲ್ಪ ಕಮ್ಮಿ."

"ಬೆಸುಗೆ?"

"ಒಂದು ಹನಿ ಇಲ್ಲ. ಒಣಗಿದೆ."

"ಸರಿ," ಅಂದಳು.

ಅವಳ ಬೆಸುಗೆ ಒಣಗಿತ್ತು, ನೂರೈವತ್ತು ಅಡಿ ನೀರು ಎಲ್ಲ ಕಡೆಯಿಂದ ಒತ್ತುತ್ತಿದ್ದರೂ ಒಂದು ಕೂದಲಿನಷ್ಟು ಬಿಟ್ಟುಕೊಟ್ಟಿರಲಿಲ್ಲ. ಅವನು ಬೆನ್ನಿನ ಹಿಂದಿನ ತಣ್ಣನೆಯ ಕೂಡುಗೆರೆಯ ಮೇಲೆ ಬೆರಳಾಡಿಸಿದ. ಇಲ್ಲೇ, ಈಗಲೇ ಕೊಳವೆ ಒಡೆದುಹೋಗಲಿ ಎಂಬ ಯೋಚನೆ ಬಂದು ಹೋಯಿತು. ಆಗ ಎಲ್ಲವೂ ಮುಗಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ, ಪಾದ್ರಿ ಪಾದ್ರಿಯಾಗಿಯೇ ಹೋಗುತ್ತಾನೆ. ಮರುಕ್ಷಣವೇ ತನ್ನ ಮರ್ಯಾದೆಗಾಗಿ ಅವಳ ಒಂಬತ್ತು ವರ್ಷವನ್ನೂ ಜೊತೆಗೆ ಮುಳುಗಿಸಲು ಹೊರಟಿದ್ದೇನೆ ಎಂದು ಹೊಳೆದು ಮೈ ಬೆವರಿತು. ಅಷ್ಟು ಚಳಿಯಲ್ಲೂ ಬೆವರಿತು. ಆಮೇಲೆ ಅವನು ಮೋಟರನ್ನು ಮುಟ್ಟಲೇ ಇಲ್ಲ. ತಳದಿಂದ ಒಂದಿಷ್ಟು ಮೇಲೆ, ಏನೂ ಮಾಡದೆ, ಕೈ ತೊಡೆಯ ಮೇಲಿಟ್ಟು ಅರ್ಧ ಗಂಟೆ ಕೂತಿದ್ದು ಗಾಳಿ ತುಂಬಿ ಮೇಲೆ ಬಂದ.

ಚಪ್ಪಾಳೆ ಬಿತ್ತು, ಹತ್ತಿಪ್ಪತ್ತು ಕೈ, ಅದೂ ಬೇಗ ನಿಂತಿತು. ಮೇಷ್ಟ್ರು ಕೈ ಕುಲುಕಿದರು. ಮಾರ್ಲಾ ಟವೆಲು ಕೊಟ್ಟು, ಗಾಳಿಬಿರಡೆಗಳನ್ನು ಬಿಚ್ಚಿ ಪಟ್ಟಿ ಕಟ್ಟಿದಳು. ಇನ್ನೊಮ್ಮೆ ಇಳಿಯುವ ಮೊದಲು ಕೊಳವೆಗಳು ಎರಡು ಗಂಟೆ ಬಾಯಿ ತೆರೆದು ಉಸಿರಾಡಬೇಕು. ಎಲ್ಲರೂ ಕಾಗದದಲ್ಲಿ ಸುತ್ತಿ ತಂದಿದ್ದ, ಕಡುಬಿನಂಥ ಪೇಸ್ಟಿ ಬಿಚ್ಚಿ, ಮಾಂಸ ಆಲೂಗಡ್ಡೆಯ ಬಿಸಿ ಹಬೆಗೆ ಮೂಗು ಒಡ್ಡಿ ತಿನ್ನತೊಡಗಿದರು. ಮಾರ್ಲಾ ತಾಯಿಯ ಕುರ್ಚಿಯ ಪಕ್ಕ ನೆಲದಲ್ಲಿ ಕೂತು ತಿಂದಳು. ಆರ್ನೆಯ ಪಕ್ಕದಲ್ಲಿ ಜಾಗವಿತ್ತು, ಯಾರೂ ಬಂದು ಕೂರಲಿಲ್ಲ. ಆಗ ಅವನಿಗೆ ತಾನು ಮಾಡಿಕೊಂಡ ಎಡವಟ್ಟು ಪೂರ್ತಿಯಾಗಿ ಕಂಡಿತು. ಅವನು ಇಳಿದದ್ದರಿಂದ ಅವಳ ಸರದಿ ತಪ್ಪಿರಲಿಲ್ಲ, ಮುಂದಕ್ಕೆ ಹೋಗಿತ್ತು ಅಷ್ಟೆ. ದೀಪ, ಗಾಳಿಯಂತ್ರ, ಫೋನು ಎಂದು ಮೂರನೆಯದು ಆಗಲೇ ಒಂದಿಷ್ಟು ಸೋತಿದೆ. ಬೆಳಿಗ್ಗೆಗಿಂತ ಈಗಲೇ ಅದು ಹೆಚ್ಚು ಕೆಟ್ಟದ್ದು. ಕೈಯಲ್ಲಿದ್ದ ಪೇಸ್ಟಿ ಕೆಳಗಿಟ್ಟ.

"ಮೇಷ್ಟ್ರೇ," ಎಂದು ಎದ್ದ. "ಮತ್ತೆ ಚಾರ್ಜ್ ಮಾಡೋದು ಒಳ್ಳೇದು. ಮಾರ್ಲಾ ನಾಳೆ ಬೆಳಿಗ್ಗೆ ಇಳೀಲಿ."

ಮೇಷ್ಟ್ರು ಒಳಗೆ ಬಗ್ಗಿ ಮುಳ್ಳು ನೋಡಿ ಬಂದರು. "ಯಾಕಯ್ಯಾ? ಮುಕ್ಕಾಲು ಚಾರ್ಜಿನ ಮೇಲೇ ಇದೆ. ನೀನು ಮೋಟರು ಮುಟ್ಟಿದ ಹಾಗೇ ಕಾಣಲ್ಲ."

"ಆದ್ರೂ..."

"ಮೊದಲನೇ ಸರದಿ ಕಿತ್ಕೊಂಡ್ರಿ, ಈಗ ಎರಡನೇದಕ್ಕೂ ಕಲ್ಲು ಹಾಕ್ತೀರಾ?" ಅಂದ ಪ್ರೆಸ್ಟನ್. ಈ ಸಲ ಅವನು ನಗಲಿಲ್ಲ. "ಅವಳಮ್ಮ ಕಾಯ್ತಾ ಕೂತಿದಾರೆ. ಬಿಡಿ ಸಾರ್, ಇಳೀಲಿ."

ಮಾರ್ಲಾ ಕೈ ಒರೆಸಿಕೊಂಡು ಎದ್ದಳು. "ನಾನು ಇವತ್ತೇ ಇಳಿಯೋದು," ಎಂದು ಮೇಷ್ಟ್ರಿಗೆ ಹೇಳಿದಳು, ಆರ್ನೆಗಲ್ಲ.

ಎರಡು ಗಂಟೆ ಕಳೆಯಿತು. ಅಷ್ಟು ಹೊತ್ತೂ ಅವನು ಹೇಳುತ್ತೇನೆ ಹೇಳುತ್ತೇನೆ ಎಂದುಕೊಳ್ಳುತ್ತ ದಡದ ಕಲ್ಲಿನ ಮೇಲೆ ಕೂತಿದ್ದ. ಮೊದಲ ವಾಕ್ಯವನ್ನು ಹತ್ತು ರೀತಿಯಲ್ಲಿ ಜೋಡಿಸಿದ. ಹತ್ತರಲ್ಲೂ ಬ್ಯಾಟರಿ ತಾನೇ ಕೆಟ್ಟಿತ್ತು, ಇವನು ಅಲ್ಲಿ ಇದ್ದ ಅಷ್ಟೆ. ಮಾರ್ಲಾ ಬಿರಡೆಗಳನ್ನು ಮುಚ್ಚಿದಳು. ನಾಲ್ಕು ಪಟ್ಟಿ ಕೊರಳಿಗೆ ಹಾಕಿಕೊಂಡು, ಮೇಷ್ಟ್ರಿಗೆ ತೋರಿಸಿ, ಕಾಲು ಒಳಗಿಟ್ಟು ಕೂತಳು. ತಲೆ ಮಾತ್ರ ಮೇಲಿತ್ತು. ತಾಯಿಯ ಕಡೆ ಕೈ ಬೀಸಿದಳು. ಆರ್ನೆ ಮೊಣಕಾಲುದ್ದ ನೀರಿನಲ್ಲಿ ಹಗ್ಗ ಹಿಡಿದು ನಿಂತಿದ್ದ. ಅವಳು ತಲೆ ತಗ್ಗಿಸಿ ಮುಚ್ಚಳದ ಹಿಡಿಗೆ ಕೈ ಹಾಕಿದಳು.

"ನಿಲ್ಲು," ಅಂದ. ಯಾರಿಗೂ ಕೇಳಿಸಲಿಲ್ಲ. "ನಿಲ್ಲು ಮಾರ್ಲಾ."

ಅವಳ ಕೈ ನಿಂತಿತು. "ಇನ್ನೇನು?"

"ಎಡಗಡೆ ಮೂರನೇ ಬ್ಯಾಟರಿ ಹಳೇದು. ನಮ್ಮದಲ್ಲ. ನಮ್ಮದನ್ನ ನಾನು ಚಳಿಗಾಲದಲ್ಲಿ ಮೀನಿಗೆ ತಗೊಂಡು ಹೋಗಿ ಒಡೆದುಹಾಕಿದೆ. ಗಾಡಿಶೆಡ್ಡಿಂದು ತಂದು ಹಾಕಿದೀನಿ. ಗುರುತು ನಾನೇ ಹೊಡೆದದ್ದು. ಬೆಳಿಗ್ಗೆ ನಾನು ಹೇಳಿದ ಅಳತೆ ಸುಳ್ಳು."

ಹೇಳಲು ಇಷ್ಟೇ ಇತ್ತೆಂಬುದು ಅವನಿಗೇ ಆಶ್ಚರ್ಯವಾಯಿತು. ಪ್ರೆಸ್ಟನ್ ಈಗ ಏನಾದರೂ ಅನ್ನುತ್ತಾನೆ ಎಂದು ಅವನ ಬೆನ್ನು ಕಾಯುತ್ತಿತ್ತು.

"ಬೆಳಿಗ್ಗೆ ನೀನು ಇಳಿಯುವಾಗ ಗೊತ್ತಿತ್ತಾ?" ಎಂದಳು ಮಾರ್ಲಾ.

"ಗೊತ್ತಿತ್ತು."

ಮೇಷ್ಟ್ರು ನೀರಿನೊಳಕ್ಕೆ ಎರಡು ಹೆಜ್ಜೆ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಅದಕ್ಕೇ ಏನಯ್ಯಾ ಅವಳನ್ನ ತಡೆದು ನೀನೇ ಇಳಿದದ್ದು? ಅವಳಿಗೇನಾದ್ರೂ ಆದೀತು ಅಂತ? ಛೆ, ಬಾಯಿ ಬಿಟ್ಟು ಹೇಳಬಾರದಿತ್ತಾ."

ಸುತ್ತಲಿನ ಮುಖಗಳು ಸಡಿಲವಾದದ್ದು ಆರ್ನೆಗೆ ಕಾಣಿಸಿತು. ಮಾರ್ಲಾ ಕೂಡ ಅವನನ್ನೇ ನೋಡುತ್ತಿದ್ದಳು, ಹೌದೆನ್ನಲಿ ಎಂದು ಅವಳಿಗೂ ಇದ್ದಂತಿತ್ತು. ತಲೆ ಆಡಿಸಿದರೆ ಸಾಕಿತ್ತು. ಸಂಜೆಯೊಳಗೆ ಅದು ಕ್ಲಬ್ಬಿನ ಕಥೆಯಾಗುತ್ತಿತ್ತು. ತಪ್ಪು ಮಾಡಿದ ಪಾದ್ರಿ, ಆ ತಪ್ಪಿನ ಮೇಲೆ ತಾನೇ ಹೋಗಿ ಕೂತ ಪಾದ್ರಿ. ಒಂದು ಕ್ಷಣ ಅವನಿಗೂ ಅದು ನಿಜವೆಂದೇ ಅನ್ನಿಸಿತು. ಅವಳಿಗೇನಾದರೂ ಆದೀತೆಂಬ ಭಯ ಇರಲಿಲ್ಲವೇ? ಇತ್ತು. ಆದರೆ ಅದು ಎರಡನೆಯ ಸಾಲಿನಲ್ಲಿತ್ತು.

"ಇಲ್ಲ ಮೇಷ್ಟ್ರೇ," ಅಂದ. "ಯಾರಿಗೂ ಗೊತ್ತಾಗೋದು ಬೇಡ ಅಂತ ಇಳಿದೆ. ಅವಳಿಗೋಸ್ಕರ ಆಗಿದ್ರೆ ಮೇಲೆ ಬಂದ ಕೂಡ್ಲೇ ಹೇಳ್ತಿದ್ದೆ. ಎರಡು ಗಂಟೆ ಸುಮ್ನೆ ಕೂತಿದ್ದೆ."

ಮೇಷ್ಟ್ರ ಕೈ ಹೆಗಲ ಮೇಲಿಂದ ಜಾರಿತು.

ಮಾರ್ಲಾ ಹೊರಗೆ ಬಂದಳು. ಕೊರಳಿನ ಪಟ್ಟಿಗಳನ್ನು ತೆಗೆದು ಜೇಬಿಗೆ ತುರುಕಿ, ನೀರಿಗೆ ಇಳಿದು, ಯಾರ ಸಹಾಯವನ್ನೂ ಕೇಳದೆ ಹೌಕಿಯನ್ನು ಟ್ರೇಲರಿನ ರಾಟೆಯಿಂದ ಎಳೆದು ದಡಕ್ಕೆ ತಂದಳು. ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದು ಎಡಗಡೆಯ ಕೊಳವೆಯ ಮುಂದೆ ಕೂತಳು. ಆರ್ನೆ ಎರಡು ಹೆಜ್ಜೆ ಮುಂದೆ ಬಂದ. "ಅಲ್ಲೇ ಇರು," ಅಂದಳು. ಅವನು ಅಲ್ಲೇ ನಿಂತ. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು. ಬೋಲ್ಟುಗಳು ಒಂದೊಂದಾಗಿ ಬಿಚ್ಚಿದವು. ಹಲಗೆ ಹೊರಬಂದಾಗ ಅವಳು ಮೂರನೆಯದರ ಮೊಳೆಯನ್ನು ಹೆಬ್ಬೆರಳಿನಿಂದ ಸವರಿ, ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿಯಲ್ಲಿ ಸಿಕ್ಕ ಯಾರನ್ನೋ ಕೇಳುವ ಹಾಗೆ ಕೇಳಿದಳು:

"ಇನ್ನೇನಾದ್ರೂ ಇದೆಯಾ?"

"ಇಲ್ಲ," ಅಂದ ಆರ್ನೆ. "ಇಷ್ಟೇ. ಬಲಗಡೆದು ಎಲ್ಲ ಸರಿಯಾಗಿದೆ."

ಅದು ನಿಜವಾಗಿತ್ತು.

ಮಾರ್ಲಾ ತಲೆ ಆಡಿಸಿದಳು. ಎದ್ದು, ಟ್ರೇಲರಿನ ಈಚೆ ಬದಿಗೆ ಬಂದು ಕೂತು, ಬಲಗಡೆಯ ಕೊಳವೆಯ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.